ಆಗುಂಬೆ ಇಳಿದ ನೇರ ಹ್ಯಾಂಡಲ್

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಹುಟ್ಟಿದ್ದು ಆಗುಂಬೆಯಲ್ಲೇ ಇರಬೇಕು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿದು. ನವೆಂಬರಿನಲ್ಲೂ ಮುಂಜಾನೆಯ ರಸ್ತೆ ಒದ್ದೆ. ಅಂಥದೊಂದು ಮುಂಜಾನೆ, ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ನಿವೃತ್ತ ಗುಮಾಸ್ತರೊಬ್ಬರು ಸೈಕಲ್ ನಿಲ್ಲಿಸಿ ಕಣಿವೆ ನೋಡುತ್ತಿದ್ದರು. ತೀರ್ಥಹಳ್ಳಿಯಿಂದ 30ಕ್ಕೂ ಹೆಚ್ಚು ಕಿ.ಮೀ. ತುಳಿದು ಬಂದಿದ್ದರು. ಮುಂದಿರುವುದು 14 ಹಿಮ್ಮುರಿ ತಿರುವುಗಳು. ಅವುಗಳ ಬುಡದಲ್ಲಿ ಸೋಮೇಶ್ವರ. ಆಚೆಗೆ ಹೆಬ್ರಿ, ಉಡುಪಿ.

ಸೈಕಲ್ ರೇಸಿನದು. ಮಗ ಬೆಂಗಳೂರಿನಲ್ಲಿ ಕೊಂಡು, ಎರಡು ವರ್ಷ ಓಡಿಸಿ, ಊರಿಗೆ ತಂದಿಟ್ಟಿದ್ದ. ಅದರ ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಬಗ್ಗಿ ತುಳಿದರೆ ಗಾಳಿಯ ತಡೆ ಕಡಿಮೆ, ನಿಜ. ಆದರೆ ಅರವತ್ತು ದಾಟಿದ ಕತ್ತು ಅದಕ್ಕೆ ಒಪ್ಪಲಿಲ್ಲ. ನೇರ ಹ್ಯಾಂಡಲ್ ಹಾಕಿಸಿದರಾಯಿತು ಎಂದುಕೊಂಡರು.

ಅದು ಟೋಪಿ ಬದಲಿಸಿದಷ್ಟು ಸುಲಭವಲ್ಲ. ಬಾಗಿದ ಹ್ಯಾಂಡಲಿನ ಕೊಳವೆ 23.8 ಮಿ.ಮೀ. ದಪ್ಪ, ನೇರ ಹ್ಯಾಂಡಲಿನ ಹಿಡಿಯ ಭಾಗ 22.2 ಮಿ.ಮೀ. ಹಳೆಯ ಬ್ರೇಕಿನ ಹಿಡಿ ಹೊಸದಕ್ಕೆ ಕೂರದು. ಮುಂದಕ್ಕೆ ಚಾಚುವ ಕೊಂಬು ಹೋದ ಮೇಲೆ ಕೈ ಹತ್ತಿರವಾಗಿ, ಸೈಕಲ್ ಗಿಡ್ಡವಾದಂತೆ ಅನ್ನಿಸುತ್ತದೆ. ಅದಕ್ಕೆಂದು ಅಂಗಡಿಯವನು ಉದ್ದನೆಯ ಕತ್ತು ಜೋಡಿಸಿದ, ಬೆಟ್ಟದ ಸೈಕಲಿನ ಬ್ರೇಕ್ ಹಿಡಿಗಳನ್ನು ಕಟ್ಟಿದ. ಒತ್ತಿ ನೋಡಿದವರೆಲ್ಲ 'ಕಲ್ಲಿನಂತಿದೆ' ಎಂದು ಮೆಚ್ಚಿದರು.

ಗುಡ್ಡೇಕೇರಿ ದಾಟಿದ ಮೇಲೆ ಒಂದು ಸಣ್ಣ ಇಳಿಜಾರಿನಲ್ಲಿ ಹಸುವೊಂದು ಅಡ್ಡ ಬಂತು. ಗುಮಾಸ್ತರು ಎರಡೂ ಕೈಗಳಿಂದ ಬ್ರೇಕ್ ಹಿಂಡಿದರು. ಸೈಕಲ್ ನಿಂತದ್ದು ಹಸುವನ್ನು ದಾಟಿ ಹತ್ತು ಮಾರು ಆಚೆ! ಹಸುವೇ ಸರಿದು ದಾರಿ ಬಿಟ್ಟಿತ್ತು. ಘಾಟಿ ಹಾಗೆ ಸರಿಯುತ್ತದೆಯೇ?

ಕಟ್ಟೆಯ ಬಳಿ ಅವರು ಲೆಕ್ಕ ಹಾಕುತ್ತಿದ್ದದ್ದು ಅದನ್ನೇ. ಕೊನೆಗೆ ಸೈಕಲನ್ನು ತಳ್ಳಿಕೊಂಡೇ ಇಳಿಯತೊಡಗಿದರು. ಬೈಕಿನ ಹುಡುಗರಿಬ್ಬರು ನಿಲ್ಲಿಸಿ 'ಪಂಕ್ಚರ್ರಾ?' ಎಂದರು. 'ಇಲ್ಲ, ಬುದ್ಧಿ ಬಂತು' ಎಂದು ನಕ್ಕರು ಗುಮಾಸ್ತರು. ನಡೆದದ್ದರಿಂದ ನಷ್ಟವೇನೂ ಆಗಲಿಲ್ಲ. ಬಂಡೆಯ ಸಂದಿಯಲ್ಲಿ ಜಿನುಗುವ ನೀರು, ಅದರ ಪಕ್ಕದ ಜರೀಗಿಡ, ತಿರುವಿನ ಗೋಡೆಯ ಮೇಲೆ ಮರಿಯ ಹೇನು ಹೆಕ್ಕುವ ಕೋತಿ. ವಾಹನದಲ್ಲಿ ಹೋಗುವವರಿಗೆ ಇವು ಸಿಗುವುದಿಲ್ಲ.

ಸೋಮೇಶ್ವರದಿಂದಾಚೆ ಸೌಮ್ಯ ರಸ್ತೆ. ಮೆಲ್ಲಗೆ ತುಳಿದು ಸಂಜೆಗೆ ಉಡುಪಿ ಸೇರಿದರು. ಅಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಎರಡು ಬಗೆಯ ಹಿಡಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ ತಂತಿ ಸಿಕ್ಕಿಸುವ ಜಾಗ ತಿರುಗಣಿಗೆ ಹತ್ತಿರ; ಇನ್ನೊಂದರಲ್ಲಿ ದೂರ. ದೂರದ್ದು ತಂತಿಯನ್ನು ಹೆಚ್ಚುಕಡಿಮೆ ಎರಡರಷ್ಟು ಎಳೆಯುತ್ತದೆ, ಆದರೆ ಅರ್ಧ ಬಲದಿಂದ. ಅದು ಬೆಟ್ಟದ ಸೈಕಲಿನ ಉದ್ದ ತೋಳಿನ ಬ್ರೇಕಿಗೆ ಸರಿ. ರೇಸ್ ಸೈಕಲಿನ ಇಕ್ಕಳದ ಬ್ರೇಕಿಗೆ ಬೇಕಾದದ್ದು ಕಡಿಮೆ ಎಳೆತ, ಹೆಚ್ಚು ಬಲ. ಎಲ್ಲರೂ ಮೆಚ್ಚಿದ ಆ ಗಡಸುತನವೇ ದುರ್ಬಲತೆಯ ಲಕ್ಷಣ. ಒಳ್ಳೆಯ ಬ್ರೇಕ್ ಕೈಗೆ ತುಸು ಮೆತ್ತಗೇ ಇರುತ್ತದೆ. ಶಾಲೆಯ ಸನ್ನೆಯ ಪಾಠವೇ ಇದು; ತಪ್ಪಿದರೆ ಅಂಕ ಹೋಗುವುದಿಲ್ಲ, ಪ್ರಾಣ ಹೋಗುತ್ತದೆ.

ಹತ್ತಿರ ಎಳೆಯುವ ಹಿಡಿ ಬಂತು. ನೇರ ಹ್ಯಾಂಡಲಿನಲ್ಲಿ ಕೈ ಇಡಲು ಒಂದೇ ಜಾಗವಾದ್ದರಿಂದ ಅಂಗೈ ಜೋಮು ಹಿಡಿಯುತ್ತಿತ್ತು. ತುದಿಗಳಿಗೆ ಎರಡು ಪುಟ್ಟ ಕೊಂಬುಗಳೂ ಬಂದವು.

ಎರಡು ದಿನ ಬಿಟ್ಟು ಅವರು ಮರಳಿ ಘಾಟಿ ಹತ್ತಿದರು. ಅಗಲವಾದ ಹಿಡಿತ, ನೆಟ್ಟಗಿನ ಬೆನ್ನು, ನೋಡಲು ಇಡೀ ಕಾಡು. ಕಟ್ಟೆ ಮುಟ್ಟಿದರೂ ಮನೆಯ ಕಡೆ ಹೊರಡಲಿಲ್ಲ. ಸೈಕಲ್ ತಿರುಗಿಸಿ, ಮೊದಲ ತಿರುವಿನವರೆಗೆ ಮತ್ತೆ ಇಳಿದರು. ಎರಡು ಬೆರಳಿನಿಂದ ಹಿಡಿ ಒತ್ತಿದರು.

ಸೈಕಲ್ ನಿಂತಿತು.