ಡಾಜ್ ಗಾಡಿಯ ಅಣ್ಣತಮ್ಮಕಿ

ಅಮೆರಿಕದಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಹಳೇ ಕಾರುಗಳ ಹುಚ್ಚು. ಹುನಗುಂದದ ಹುಡುಗ, ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಹೋದವನು ಅಲ್ಲೇ ನೆಲೆಯೂರಿದ. ಫೋನ್ ಮಾಡಿದಾಗಲೆಲ್ಲ ಒಂದೇ ಪುರಾಣ... ಮಸಲ್ ಕಾರು, ಮಸಲ್ ಕಾರು! ಕೇಳಿ ಕೇಳಿ ನನಗೂ ಅರ್ಧ ಪಾಠ ಬಾಯಿಗೆ ಬಂದಿದೆ. ಅದನ್ನೇ ನಿಮಗೂ ಒಪ್ಪಿಸಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ನಮ್ಮ ಮನೆಯ ಕಥೆಗೆ ಅದು ಬೇಕು.

ಮಸಲ್ ಕಾರು ಅಂದರೆ ಇಷ್ಟೇ: ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ಕಾರಿನ ದೈತ್ಯ ಎಂಜಿನ್ ಕೂರಿಸೋದು. 1964ರಲ್ಲಿ ಪಾಂಟಿಯಾಕ್ ಕಂಪನಿ ಜಿಟಿಓ ಅಂತ ಒಂದನ್ನು ಬಿಟ್ಟಾಗ ಈ ಹುಚ್ಚು ಜೋರಾಗಿ ಶುರುವಾಯಿತು ಅಂತ ಬಹಳ ಜನ ಹೇಳುತ್ತಾರೆ. ಕ್ರೈಸ್ಲರ್ ಕಂಪನಿಯವರು ಸುಮ್ಮನೆ ಕೂಡುವವರಲ್ಲ. ಅವರ ಹತ್ತಿರ 'ಹೆಮಿ' ಎಂಜಿನ್ ಇತ್ತು. ಸಿಲಿಂಡರಿನ ತಲೆ ಒಳಗಡೆಯಿಂದ ಬಟ್ಟಲು ಬೋರಲು ಹಾಕಿದ ಹಾಗೆ ಅರ್ಧಗೋಲ, ಅದಕ್ಕೇ ಆ ಹೆಸರು. 7 ಲೀಟರು, ಕಾಗದದ ಮೇಲೆ 425 ಕುದುರೆ ಶಕ್ತಿ. ಅದನ್ನು ಡಾಜ್ ಚಾರ್ಜರ್, ಡಾಜ್ ಚಾಲೆಂಜರ್, ಪ್ಲಿಮತ್ ಬ್ಯಾರಾಕುಡಾ ಎಲ್ಲದಕ್ಕೂ ಹಾಕಿದರು. 1971ರ ಹೆಮಿ ಕುಡಾ, ಅದರಲ್ಲೂ ಮಡಿಚುವ ಟಾಪಿನದು, ಒಂದು ಡಜನ್ ಕೂಡ ದಾಟಲಿಲ್ಲ. ಅದರಲ್ಲೊಂದು 2014ರಲ್ಲಿ 35 ಲಕ್ಷ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 21 ಕೋಟಿ ರೂಪಾಯಿ!

ಒಂದು ದಿನ ಗೆಳೆಯ ಡಾಜ್ ಚಾಲೆಂಜರ್ ಬಗ್ಗೆ ಕೊರೆಯುತ್ತಿದ್ದಾಗ ನಡುವೆ ಬಾಯಿ ಹಾಕಿದೆ. "ಲೇ, ನಮ್ಮ ಮನ್ಯಾಗೂ ಒಂದು ಡಾಜ್ ಐತಿ, ಇಳಕಲ್ಲಿನ ಹಿತ್ತಲದಾಗ." ಫೋನಿನಲ್ಲಿ ಎರಡು ಕ್ಷಣ ಸದ್ದಿಲ್ಲ :)

ನಮ್ಮದು ಚಾಲೆಂಜರ್ ಅಲ್ಲ ಬಿಡಿ. 1952ರ ಡಾಜ್ ಕಿಂಗ್ಸ್‌ವೇ. ಊರವರ ಬಾಯಲ್ಲಿ 'ಡಾಜ್ ಗಾಡಿ'. ಕಿಂಗ್ಸ್‌ವೇ ಅನ್ನೋದು ಹೊರದೇಶಗಳಿಗೆ ಅಂತಲೇ ಇಟ್ಟ ಹೆಸರು. ಮೈ ಪ್ಲಿಮತ್ತಿನದು, ಮುಖ ಡಾಜ್‌ದು. ಆರು ಸಿಲಿಂಡರು ಸಾಲಾಗಿ, ಮೂರು ಲೀಟರಿಗೂ ಮೇಲೆ ಗಾತ್ರ, ಆದರೂ ಶಕ್ತಿ ನೂರು ಕುದುರೆಯ ಒಳಗೇ. ಸ್ಟೀರಿಂಗ್ ಪಕ್ಕದಲ್ಲಿ ಗೇರು, ಅದೂ ಮೂರೇ. ಬ್ಯಾಟರಿ 6 ವೋಲ್ಟಿನದು.

ಇದು ಇಲ್ಲಿಗೆ ಬಂದ ದಾರಿ ಇನ್ನೂ ಸ್ವಾರಸ್ಯ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೂ ಒಂದು ಆಗಬೇಕು ಅಂತ ಯೋಜನೆ ಬರೆದರು. ಅದರ ಬೆನ್ನು ಹತ್ತಿದವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್. ನಮ್ಮ ಕಡೆಯವರಿಗೆ ಸೊಲ್ಲಾಪುರ ಅಂದರೆ ಪರವೂರಲ್ಲ, ಅರ್ಧ ಕನ್ನಡದ ಪೇಟೆ. ವಾಲಚಂದ್ ಕ್ರೈಸ್ಲರ್ ಜೊತೆ ಮಾತು ಕುದುರಿಸಿದರು. ಕಾರ್ಖಾನೆ ಬೆಂಗಳೂರಿನಲ್ಲಿ ಆಗುವ ಮಾತೂ ನಡೆದಿತ್ತು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. ಇದೇ ವಾಲಚಂದ್ 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಇವತ್ತಿನ ಎಚ್‌ಎಎಲ್. ಅಂದರೆ ಯುದ್ಧಕ್ಕೆ ಬೇಕಾದ ವಿಮಾನಕ್ಕೆ ಹೂಂ, ಕಾರಿಗೆ ಊಹೂಂ! ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರುವಾಗಿ, ಯುದ್ಧ ಮುಗಿದ ಮೇಲೆ ಕುರ್ಲಾದಲ್ಲಿ ಡಾಜ್, ಪ್ಲಿಮತ್, ಡಿಸೋಟೋ, ಫಾರ್ಗೋ ಗಾಡಿಗಳು ಜೋಡಣೆಯಾಗಿ ಹೊರಬಂದವು. ಮುಂದೆ ಫಿಯಟ್, ಪದ್ಮಿನಿ ಮಾಡಿದವರೂ ಇವರೇ.

1956ರ ನವೆಂಬರ್ ತನಕ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು (ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ). ಹೀಗಾಗಿ ನಮಗೆ ಕಾರು, ಲಾರಿ, ನಾಟಕ, ಸಾಲ ಎಲ್ಲಾ ಮುಂಬಯಿ-ಸೊಲ್ಲಾಪುರದ ದಾರಿಯಿಂದಲೇ ಬರುತ್ತಿದ್ದವು. ಬಾಗಲಕೋಟೆಯಲ್ಲಿ ಹತ್ತಿ ಅಡತಿ ಇಟ್ಟಿದ್ದ ನಮ್ಮ ಅಜ್ಜ 1958ರಲ್ಲಿ ಸೊಲ್ಲಾಪುರದ ವ್ಯಾಪಾರಿಯೊಬ್ಬರ ಕೈಯಿಂದ ಈ ಗಾಡಿ ಕೊಂಡ. ಹಣ ಕೊಟ್ಟು ಅಲ್ಲ, ಬರಬೇಕಾದ ಬಾಕಿಯಲ್ಲಿ ವಜಾ ಹಾಕಿ!

ಆಮೇಲೆ ಅದು ಮನೆಯ ಗಾಡಿ ಕಡಿಮೆ, ಊರ ಗಾಡಿ ಹೆಚ್ಚು ಆಯಿತು. ಬಾದಾಮಿ ಬನಶಂಕರಿ ಜಾತ್ರೆಗೆ ಹತ್ತು-ಹನ್ನೆರಡು ಮಂದಿ ತುಂಬಿಕೊಂಡು ಹೋಗೋದು. ಬಾಣಂತಿಯನ್ನು ತವರಿಗೆ ಬಿಡೋದು. ಮದುವೆಯಲ್ಲಿ ಮೆರವಣಿಗೆ. ನಮ್ಮ ಚಿಕ್ಕವ್ವ 1969ರಲ್ಲಿ ಬಾದಾಮಿಯಿಂದ ಮದುಮಗಳಾಗಿ ಬಂದಿದ್ದು ಇದರಲ್ಲೇ. ಓಡಿಸುತ್ತಿದ್ದವರು ನಮಗೆಲ್ಲ 'ಡ್ರೈವರ್ ಕಾಕಾ'. ಅವರಿಗೀಗ ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಮಾತ್ರ ಹೊಸ ಬ್ಲೇಡು.

ಕಾಕಾ ಬಳಿ ಒಂದು ನಿಯಮ ಇತ್ತು: ಪಂಕ್ಚರ್ ಆದರೆ ಯಾರೂ ಗಾಲಿ ಮುಟ್ಟಬಾರದು. ಕಾರಣ, ಕ್ರೈಸ್ಲರ್ ಗಾಡಿಗಳ ಎಡಗಡೆ ಗಾಲಿಯ ಬೋಲ್ಟುಗಳು ಉಲ್ಟಾ. ಬಿಚ್ಚಬೇಕಾದರೆ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಬೇಕು. ಗಾಲಿ ಉರುಳುವ ರಭಸಕ್ಕೆ ತಾನಾಗಿ ಸಡಿಲಾಗಬಾರದು ಅಂತ ಹಾಗೆ ಮಾಡಿದ್ದು. ಗೊತ್ತಿಲ್ಲದವನು ಜೋರು ಮಾಡಿದರೆ ಬೋಲ್ಟೇ ಮುರಿಯುತ್ತದೆ. ಇದನ್ನು ಗೆಳೆಯನಿಗೆ ಹೇಳಿದಾಗ ಅವನು ಕುಣಿದುಬಿಟ್ಟ. 1970ರ ತನಕ ಚಾಲೆಂಜರಿಗೂ ಹಾಗೇ ಅಂತೆ! ಇಪ್ಪತ್ತೊಂದು ಕೋಟಿಯ ಮನೆತನದ ಜೊತೆ ನಮ್ಮ ಹಿತ್ತಲ ಗಾಡಿಯ ಅಣ್ಣತಮ್ಮಕಿ ಸಾಬೀತಾಗಿದ್ದು ಆ ಉಲ್ಟಾ ಬೋಲ್ಟಿನಿಂದ.

ಇಬ್ಬರ ಗ್ರಹಚಾರವೂ ಒಂದೇ. ಅಮೆರಿಕದಲ್ಲಿ ವಿಮೆಯ ಕಂತು ಏರಿತು, 1970ರ ವಾಯು ಶುದ್ಧಿ ಕಾಯಿದೆ ಬಂತು. ಹೆಮಿ 1971ಕ್ಕೇ ನಿಂತಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆದವು, ಮರುವರ್ಷ ಚಾಲೆಂಜರ್, ಬ್ಯಾರಾಕುಡಾ ಎರಡೂ ಬಾಗಿಲು ಹಾಕಿದವು. ಅದೇ ಪೆಟ್ರೋಲಿನ ಬಿಸಿ ಬಾಗಲಕೋಟೆಗೂ ತಟ್ಟಿತು. ಮುಂಬಯಿ ಟ್ಯಾಕ್ಸಿಯವರು ಮಾಡಿದ ಹಾಗೆ ಅಜ್ಜನೂ 1974ರಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದ. ಮೂಲ ಎಂಜಿನ್ ಇಳಕಲ್ಲಿನ ದೊಡ್ಡಪ್ಪನ ಮನೆ ಸೇರಿತು. ದೊಡ್ಡಪ್ಪನದು ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕೆಲಸ. ಒಡೆದ ಹಾಸುಗಲ್ಲುಗಳ ನಡುವೆ, ಗ್ರೀಸು ಬಳಿದು ಗೋಣಿ ಸುತ್ತಿ ಇಟ್ಟುಬಿಟ್ಟರು.

ಆಮೇಲೆ ಬಂತು ಮುಳುಗಡೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟಿದ್ದು 1964ರಲ್ಲಿ, ಅಲ್ಲಿ ಜಿಟಿಓ ಬಂದ ಅದೇ ವರ್ಷ. ನೀರು ಹಳೇ ಬಾಗಲಕೋಟೆಗೆ ಬರುವ ಹೊತ್ತಿಗೆ ಅಜ್ಜ ಇರಲಿಲ್ಲ. ಪರಿಹಾರದ ಯಾದಿಯಲ್ಲಿ ಮನೆ, ಗೋಡೆ, ಬಾವಿ, ಬೇವಿನ ಗಿಡ ಎಲ್ಲಾ ಬಂದವು. ಗಾಡಿ ಬರಲಿಲ್ಲ. ಅದು ಚರಾಸ್ತಿ, ನೀವೇ ಸಾಗಿಸಿಕೊಳ್ಳಿ ಅಂದರು. ಲೆಕ್ಕ ಸರಿಯೇ. ಆದರೆ ಹತ್ತು ವರ್ಷದಿಂದ ಅಲುಗಾಡದ ಚರಾಸ್ತಿ ಅದು! ನವನಗರದ ಸೈಟಿನಲ್ಲಿ ಇದಕ್ಕೆ ಜಾಗ ಇಲ್ಲ. ಗುಜರಿಗೆ ಕೊಡೋಣ ಅಂತ ಆಗಲೇ ಮಾತಾಗಿತ್ತು. ಡ್ರೈವರ್ ಕಾಕಾ ಒಪ್ಪಲಿಲ್ಲ. 2002ರಲ್ಲಿ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ, ತಾವೇ ಸ್ಟೀರಿಂಗ್ ಹಿಡಿದು, ಅಮೀನಗಡ, ಹುನಗುಂದದ ಮೇಲೆ ಇಳಕಲ್ಲಿಗೆ ಒಂದು ಹಗಲು ಪೂರ್ತಿ ಎಳೆಸಿಕೊಂಡು ಹೋದರು. ಕನ್ನಡಿಯ ಗಾಜು ಇರಲಿಲ್ಲ. ಧೂಳು ತಡೆಯಲು ದೊಡ್ಡವ್ವನ ಹಳೇ ಇಳಕಲ್ ಸೀರೆ ಕಟ್ಟಿದ್ದರು. ಅಮೀನಗಡದಲ್ಲಿ ಜನ ಕರದಂಟು ಕೊಳ್ಳೋದು ಬಿಟ್ಟು ನೋಡುತ್ತ ನಿಂತಿದ್ದರಂತೆ.

ಈ ವರ್ಷ ಮತ್ತೆ ಅದೇ ಪ್ರಶ್ನೆ ಎದ್ದಿತು, ಈ ಸಲ ಗಟ್ಟಿಯಾಗಿ. ಚಿಕ್ಕವ್ವನ ಮೊಣಕಾಲಿನ ಆಪರೇಷನ್ ಆಗಬೇಕು. ಎರಡೂ ಕಾಲಿಗೆ. ಅವಳ ಮಗನ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಹುಬ್ಬಳ್ಳಿಯ ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ. ಪುಣೆಯ ಇನ್ನೊಬ್ಬರು ಮುಂದಿನ ಜಾಲರಿ, ಬಂಪರು, ಡ್ಯಾಶ್‌ಬೋರ್ಡು ಇಷ್ಟು ಬಿಚ್ಚಿ ಕೊಡಿ, ಒಳ್ಳೇ ರೇಟು ಕೊಡ್ತೀನಿ ಅಂದರು. ತಮ್ಮನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. "ಅಣ್ಣಾ, ನಿಂತ ಗಾಡಿಗಿಂತ ನಡಿಯೋ ಅವ್ವ ದೊಡ್ಡಕಿ ಹೌದಿಲ್ಲ?" ಇದಕ್ಕೆ ಯಾರು ಏನು ಉತ್ತರ ಕೊಡಬೇಕು ಹೇಳಿ.

ಉತ್ತರ ಕೊಟ್ಟವಳು ಚಿಕ್ಕವ್ವನೇ. "ನನ್ನ ಕಾಲಿನ ಸಲುವಾಗಿ ಅದರ ಕಾಲು ಮುರೀಬ್ಯಾಡ್ರೋ. ಮಾರಿದ್ರ ಇಡೀದ್ದು ಮಾರ್ರಿ, ಇಲ್ಲಂದ್ರ ಬಿಡ್ರಿ."

ಇಡಿಯಾಗಿ ಅಂದಾಗ ಕಾನೂನು ನೋಡಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಮೊದಲೇ ನೋಂದಣಿಯಾಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ.

ಮೂಲ ಸ್ವರೂಪ ಅಂದರೆ ಮೂಲ ಎಂಜಿನ್. ಡೀಸೆಲ್ ಕೂರಿಸಿದ ಡಾಜ್ ಬರೀ ಹಳೇ ಗಾಡಿ. ದೊಡ್ಡಪ್ಪನ ಹಿತ್ತಲಿನ ಗೋಣಿ ಬಿಚ್ಚಿದೆವು. ಈ ಎಂಜಿನ್ನಿಗೆ ನಂಬರು ಮುಂದಿನ ಎಡಮೂಲೆಯಲ್ಲಿ ಕೆತ್ತಿರುತ್ತದೆ ಅಂತ ಗೆಳೆಯ ಹೇಳಿದ್ದ. ಸೀಮೆಎಣ್ಣೆ ಬಟ್ಟೆಯಿಂದ ಅರ್ಧ ತಾಸು ಉಜ್ಜಿದ ಮೇಲೆ ಅಕ್ಷರ ಕಂಡವು. ಅಜ್ಜನ ನೋಂದಣಿ ಪುಸ್ತಕದ ಪುಟ ತೆರೆದು ಒಂದೊಂದೇ ಅಂಕಿ ಓದಿದೆ. ತಮ್ಮ ಎಂಜಿನ್ ಮೇಲೆ ಬೆರಳಿಟ್ಟು ಹೂಂ, ಹೂಂ ಅನ್ನುತ್ತ ಹೋದ. ಎಲ್ಲಾ ಕೂಡಿದವು.

ಮಾರುವ ಮಾತು ಅಲ್ಲಿಗೆ ನಿಂತಿತು, ಆದರೆ ಚಿಕ್ಕವ್ವನ ಕಾಲು ಕಾಯುತ್ತದೆಯೇ? ನಾವು ಉಳಿದ ನಾಲ್ಕು ಮಂದಿ ಸೇರಿ ತಮ್ಮನ ಪಾಲಿನ ಬೆಲೆ ಕಟ್ಟಿ, ಆ ದುಡ್ಡು ಅವನ ಕೈಗೆ ಕೊಟ್ಟೆವು. ಪುಣೆಯವರು ಹೇಳಿದ್ದಕ್ಕಿಂತ ಸ್ವಲ್ಪ ಮೇಲೆಯೇ. ಗೆಳೆಯನೂ ಬೇಡವೆಂದರೂ ಕೇಳದೆ ಒಂದು ಪಾಲು ಹಾಕಿದ. ಒಂದು ಕಾಲಿನ ಆಪರೇಷನ್ ಮುಗಿದಿದೆ, ಇನ್ನೊಂದು ದೀಪಾವಳಿ ನಂತರ. ಗಾಡಿಯಲ್ಲಿ ಈಗ ತಮ್ಮನಿಗೆ ಪಾಲಿಲ್ಲ, ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಪಾನಾ ಹಿಡಿದು ಬರುವವನು ಅವನೇ.

ಆರರಲ್ಲಿ ನಾಲ್ಕು ಪಿಸ್ಟನ್ ಬಿಟ್ಟಿವೆ. ಎರಡು ಹಿಡಿದುಕೊಂಡಿವೆ. ದಿನಾ ಸಂಜೆ ಕಾಕಾ ಬಂದು ಆ ಎರಡರ ಮೇಲೆ ಡೀಸೆಲ್ಲು ಹನಿಸಿ ಹೋಗುತ್ತಾರೆ. "ಕಾಕಾರ, ಬಿಡ್ತಾವೇನ್ರಿ?" ಅಂದರೆ, "ಐವತ್ತು ವರ್ಷ ಹಿಡದಾವ ತಮ್ಮಾ, ಐವತ್ತು ದಿನದಾಗ ಹೆಂಗ ಬಿಡ್ತಾವ?" ಅಂತಾರೆ. ಬನದ ಹುಣ್ಣಿಮೆಗೆ ಬನಶಂಕರಿಗೆ ಒಯ್ಯಬೇಕು ಅಂತ ಚಿಕ್ಕವ್ವನ ಆಸೆ. ಕಾನೂನಿನಲ್ಲಿ ಪ್ರದರ್ಶನಕ್ಕೆ ಅವಕಾಶ ಇದೆ ತಾನೇ... ಜಾತ್ರೆಗಿಂತ ದೊಡ್ಡ ಪ್ರದರ್ಶನ ಯಾವುದಿದೆ ನಮ್ಮ ಕಡೆ?

ನಿಮ್ಮೂರಲ್ಲೂ ಹತ್ತಿ ಜಿನ್ನಿನ ಹಿಂದೆಯೋ, ಯಾರದೋ ಹಿತ್ತಲ ಬೇವಿನ ಗಿಡದ ಕೆಳಗೋ ಇಂಥ ಗಾಡಿಯೊಂದು ನಿಂತಿದ್ದರೆ, ತೂಕಕ್ಕೆ ಹಾಕುವ ಮೊದಲು ಎಂಜಿನ್ ನಂಬರ್ ಒಮ್ಮೆ ಉಜ್ಜಿ ನೋಡಿ. ಮತ್ತೆ, ಎಡಗಡೆ ಗಾಲಿ ಬಿಚ್ಚುವಾಗ ಸ್ವಲ್ಪ ಹುಷಾರು!