ಅಕ್ಷರವು ಆಕೃತಿಯಾದಾಗ

ಈ ಸಂಚಿಕೆಯ ಮುಖಪುಟವನ್ನು ಗಣಕಯಂತ್ರದಲ್ಲಿ ರಚಿಸುವ ಹೊಣೆ ಹೊತ್ತು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಇಂಕ್‌ಸ್ಕೇಪ್ ತಂತ್ರಾಂಶದ ಓನಾಮ ಕಲಿತೆನು. ರೇಖೆಯ ಮೇಲಣ ಬಿಂದುವಿನ ಹಿಡಿಕೆಯನ್ನೆಳೆದರೆ ರೇಖೆಯು ಬಳ್ಳಿಯಂತೆ ಬಳುಕುವುದು. 1960ರ ದಶಕದಲ್ಲಿ ಫ್ರೆಂಚ್ ಯಂತ್ರಶಿಲ್ಪಿ ಪಿಯರ್ ಬೆಜಿಯೆ ಮೋಟಾರುಗಾಡಿಯ ಮೈಕಟ್ಟಿಗೆಂದು ಬಳಕೆಗೆ ತಂದ ಈ ವಕ್ರರೇಖೆ ನಮ್ಮ ದುಂಡು ಲಿಪಿಗೇ ಹೇಳಿಮಾಡಿಸಿದಂತಿದೆ! ಶೀರ್ಷಿಕೆಯನ್ನು 'ಪಾತ್' ಆಗಿ ಮಾರ್ಪಡಿಸಿದೊಡನೆ ಅಕ್ಷರಗಳು ಬರಿಯ ಆಕೃತಿಗಳಾಗುವುವು, ಬೇಕಾದಂತೆ ತೀಡಬಹುದು. ಮೂರು ಸಂಜೆ ತೀಡಿದೆನು.

ನಾಲ್ಕನೆಯ ಸಂಜೆ ಆ ವಿದ್ಯಾರ್ಥಿಯು ಸಂಕೋಚದಿಂದ, "ಗುರುಗಳೇ, ಠಕಾರ..." ಎಂದನು. ಶಿಫ್ಟ್ ಕೀಲಿಯನ್ನೊತ್ತದೆ 'ಶ್ರೀಮಠ'ವನ್ನು 'ಶ್ರೀಮಟ'ವೆಂದು ಬರೆದಿದ್ದೆನು. ಮಹಾಪ್ರಾಣ ತಪ್ಪಿದ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ! ಆಕೃತಿಯಾದುದನ್ನು ಬೆರಳಚ್ಚಿನಿಂದ ತಿದ್ದಲಾಗದು. ಕಡತವನ್ನು ಮುಚ್ಚಿ ತೆರೆದಿದ್ದುದರಿಂದ ಹಿಂದಿನ ಹೆಜ್ಜೆಗೆ ಮರಳುವ ಆಜ್ಞೆಯೂ ಫಲಿಸಲಿಲ್ಲ. ಠಕಾರವನ್ನು ಬೇರೆಯಾಗಿ ಬರೆದು, ಬಿಂದುಬಿಂದುವಾಗಿ ಬಳುಕಿಸಿ ಸೇರಿಸಿದ್ದೇನೆ. ಮುಖಪುಟದಲ್ಲಿ ಅದೊಂದೇ ತುಸು ದಪ್ಪವಾಗಿ ಕಂಡರೆ ಓದುಗರು ಮನ್ನಿಸಬೇಕು.