ಮಾವನಿಗೆ ಬೇಕಿದ್ದ ದುಬೈ ಬೇರೆಯೇ

ನಂತೂರು ಸರ್ಕಲ್‌ನಲ್ಲಿ ರಿಕ್ಷಾ ಓಡಿಸುವ ನನ್ನ ಸೋದರಮಾವ ಕಳೆದ ವರ್ಷ ಫೆಬ್ರವರಿಯಲ್ಲಿ ಹನ್ನೆರಡು ದಿನಕ್ಕೆ ನಮ್ಮಲ್ಲಿಗೆ ಬಂದಿದ್ದರು. ವಯಸ್ಸು ಐವತ್ತೆಂಟು, ಮೊದಲ ವಿಮಾನ ಪ್ರಯಾಣ. ‘ಬನ್ನಿ ಮಾವ’ ಅಂತ ನಾನು ಕರೆಯಲು ಶುರು ಮಾಡಿ ಐದು ವರ್ಷವಾಗಿತ್ತು. ಪ್ರತೀ ಸಲ ಒಂದೊಂದು ನೆಪ. ರಿಕ್ಷಾದ ಎಫ್‌ಸಿ ಉಂಟು, ಅತ್ತೆಗೆ ಮೊಣಕಾಲು ನೋವು, ಮಳೆಗೆ ಮೊದಲು ಹಂಚು ಕೈಯಾಡಿಸಬೇಕು. ನಿಜವಾದ ಕಾರಣ ನನಗೆ ಗೊತ್ತಿತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ನಮ್ಮ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರಲ್ಲ, ಉಳಿದವರು ಬರೀ ಎಂಟು ಮಂದಿ. ಆ ದಿನ ಮಾವ ರಿಕ್ಷಾ ಪಾರ್ಕಿನಲ್ಲಿದ್ದರು. ಆ್ಯಂಬುಲೆನ್ಸ್‌ಗಳ ಸದ್ದು ಅವರ ಕಿವಿಯಿಂದ ಇನ್ನೂ ಹೋಗಿಲ್ಲ.

ಹಾಗಾದರೆ ಈಗ ಯಾಕೆ ಬಂದರು? ಅದು ನನಗೆ ಐದನೇ ದಿನ ಗೊತ್ತಾಯಿತು.

ಮಾವ ಹೊರಡುವ ಹಿಂದಿನ ರಾತ್ರಿ ಅತ್ತೆಗೆ ವೀಡಿಯೊ ಕಾಲ್ ಮಾಡಿ ಬ್ಯಾಗ್ ಬಿಚ್ಚಿಸಿದೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ಓಕೆ. ಮೂಲೆಯಲ್ಲಿ ಒಂದು ಪೊಟ್ಟಣ ಗಸಗಸೆ! ‘ಪಾಯಸ ಮಾಡ್ಲಿಕ್ಕೆ ಮಾರಾಯ’ ಅಂದರು ಅತ್ತೆ. ನಿಮ್ಮ ಮನೆಯವರು ಬರುವುದಿದ್ದರೆ ನೆನಪಿಡಿ, ಯುಎಇಗೆ ಗಸಗಸೆ ತರುವಂತಿಲ್ಲ. ಅದು ಅಫೀಮಿನ ಗಿಡದ ಬೀಜ, ಇಲ್ಲಿ ನಿಷೇಧ. ಪೊಟ್ಟಣ ನಂತೂರಿನಲ್ಲೇ ಉಳಿಯಿತು.

ನಮ್ಮ ಮನೆ ಇರುವುದು ಶಾರ್ಜಾದ ಅಲ್ ನಹ್ದಾದಲ್ಲಿ. ಕೆಲಸ ದುಬೈಯ ಜೆಬೆಲ್ ಅಲಿಯಲ್ಲಿ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿದ್ದು ದುಬೈಗೆ ದುಡಿಯಲು ಹೋಗುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ಸಂಜೆ ಆರು ಗಂಟೆ. ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರುಗಳು ಕಣ್ಣು ಹಾಯಿಸಿದಷ್ಟೂ ದೂರ ನಿಂತಿದ್ದವು. ಮಾವ ಕಿಟಕಿಯಿಂದ ನೋಡಿ ನಕ್ಕರು. ‘ಎಂತದಾ ಇದು? ನಮ್ಮ ನಂತೂರೇ ಆಯ್ತಲ್ಲ!’

ನಂತೂರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು 169 ಸೇರುವ ಜಾಗ ಅದು. ಒಂದು ಕಡೆ ಪಂಪ್‌ವೆಲ್, ಇನ್ನೊಂದು ಕಡೆ ಕೆಪಿಟಿ, ಮತ್ತೊಂದು ಕಡೆ ಮಲ್ಲಿಕಟ್ಟೆ, ನಾಲ್ಕನೆಯದು ಬಿಕರ್ನಕಟ್ಟೆ. ಕೇರಳದ ಲಾರಿ, ಮೂಡುಬಿದಿರೆಯ ಬಸ್ಸು, ಶಾಲೆ ಮಕ್ಕಳ ವ್ಯಾನು ಎಲ್ಲ ಅಲ್ಲೇ ಬಂದು ಒಟ್ಟಾಗಬೇಕು. ಅಲ್ಲಿ ಮೂವತ್ತು ವರ್ಷ ರಿಕ್ಷಾ ಓಡಿಸಿದವರಿಗೆ ಟ್ರಾಫಿಕ್ ಅಂದರೆ ಭಯವಿಲ್ಲ. ಒಂದೇ ಒಂದು ವಿಷಯಕ್ಕೆ ಅವರು ಬೆರಗಾದರು. ‘ಇಷ್ಟು ವಾಹನ ಉಂಟು, ಒಬ್ಬನೂ ಹಾರ್ನ್ ಹೊಡೆಯುವುದಿಲ್ಲ ಅಲ್ವಾ?’

ಮೊದಲ ನಾಲ್ಕು ದಿನ ಎಲ್ಲರೂ ತೋರಿಸುವುದನ್ನೇ ತೋರಿಸಿದೆ. ಬುರ್ಜ್ ಖಲೀಫಾ, 828 ಮೀಟರ್. ಕುತ್ತಿಗೆ ನೋಯುವಷ್ಟು ಹೊತ್ತು ನೋಡಿ ಮಾವ ಕೇಳಿದ್ದು, ‘ಅಷ್ಟು ಮೇಲೆ ನೀರು ಹೇಗೆ ಏರಿಸ್ತಾರೆ?’ ಪಂಪ್ ಇರ್ತದೆ ಮಾವ ಅಂದೆ. ‘ಅದು ಸರಿ, ನೀರು ಎಲ್ಲಿಯದ್ದು?’ ಸಮುದ್ರದ್ದು, ಉಪ್ಪು ತೆಗೆದು ನಲ್ಲಿಗೆ ಬಿಡ್ತಾರೆ ಅಂದೆ. ಅವರು ಸುಮ್ಮನಾದರು. ಮಂಗಳೂರಿನಲ್ಲಿ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬಿದ್ದರೂ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟಡಿ ಉಂಟು ಅಂತ ಪೇಪರ್ ನೋಡುವವರು ನಾವು. ಇಲ್ಲಿ ವರ್ಷಕ್ಕೆ ನೂರು ಮಿಲಿಮೀಟರೂ ಬೀಳುವುದಿಲ್ಲ. ಆದರೆ 2024ರ ಏಪ್ರಿಲ್ 16ರಂದು ಒಂದೇ ದಿನ ಸುರಿದ ಮಳೆಗೆ ಈ ಊರು ಮುಳುಗಿದ್ದನ್ನೂ ಹೇಳಿದೆ. ನಮ್ಮ ಕಟ್ಟಡದ ಕೆಳಗೆ ಕಾರುಗಳು ತೇಲಿದ ವೀಡಿಯೊ ನೋಡಿ ಮಾವನಿಗೆ ಸ್ವಲ್ಪ ಸಮಾಧಾನ ಆದ ಹಾಗೆ ಕಂಡಿತು.

ಶಾರ್ಜಾ ಕ್ರಿಕೆಟ್ ಸ್ಟೇಡಿಯಂ ಹತ್ತಿರ ಕಾರು ನಿಲ್ಲಿಸಿದಾಗ ಮಾತ್ರ ಅವರ ಮುಖ ಬೇರೆಯಾಯಿತು. 1986ರ ಏಪ್ರಿಲ್ 18, ಕೊನೆಯ ಬಾಲು, ಚೇತನ್ ಶರ್ಮಾಗೆ ಮಿಯಾಂದಾದ್ ಹೊಡೆದ ಸಿಕ್ಸರ್. ‘ನಂತೂರಿನಲ್ಲಿ ಒಂದೇ ಮನೆಯಲ್ಲಿ ಟಿವಿ. ಅಂಗಳದವರೆಗೆ ಜನ. ಆ ಸಿಕ್ಸರ್ ಆದ ಮೇಲೆ ಯಾರೂ ಮಾತಾಡದೆ ಎದ್ದು ಹೋದೆವು.’ ಗೇಟಿನ ಹೊರಗೆ ನಿಂತು ಮಾವ ಹತ್ತು ನಿಮಿಷ ಅದನ್ನೇ ಹೇಳಿದರು. ಬುರ್ಜ್ ಖಲೀಫಾ ಸೋತಿತು ಅಂತಿಟ್ಟುಕೊಳ್ಳಿ.

ಐದನೇ ದಿನ ರಾತ್ರಿ ಊಟಕ್ಕೆ ಕೂತಿದ್ದೆವು. ನನ್ನ ಹೆಂಡತಿ ಬಂಗುಡೆ ಪುಳಿಮುಂಚಿ ಮಾಡಿದ್ದಳು. ಮಾವ ಮುಳ್ಳು ಬಿಡಿಸುತ್ತಾ ತಲೆ ಎತ್ತದೆ ಕೇಳಿದರು.

‘ನೀನು ಬಂದ ವರ್ಷ ಎಲ್ಲಿ ಮಲಗ್ತಿದ್ದಿ? ಆ ರೂಮು ನೋಡ್ಬೇಕು ನನಗೆ.’

ನಾನು ಗುಟುಕು ನೀರು ಕುಡಿದೆ. ‘ಅದೆಲ್ಲ ಯಾಕೆ ಮಾವ?’

‘ಹುಡುಗ ಬರ್ತೇನೆ ಅಂತಿದ್ದಾನೆ. ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದಾನೆ. ಕೊಡುವ ಮೊದಲು ಎಲ್ಲಿಗೆ ಕಳಿಸ್ತಿದ್ದೇನೆ ಅಂತ ನೋಡ್ಬೇಕಲ್ಲ.’

ಹುಡುಗ ಅಂದರೆ ಅವರ ಮಗ, ಬಿಕಾಂ ಮುಗಿಸಿದ ಇಪ್ಪತ್ತೆರಡರ ಪ್ರಾಯದವನು. ಅವನಿಗೆ ದುಬೈ ಹುಚ್ಚು ಹಿಡಿಸಿದ್ದು ನಾನೇ. ಮಾವನ ರಿಕ್ಷಾದಲ್ಲಿ, ಕದ್ರಿ ಮಂಜುನಾಥ ದೇವರ ಪಟದ ಪಕ್ಕ, ನನ್ನದೊಂದು ಫೋಟೊ ಉಂಟು. ಬುರ್ಜ್ ಖಲೀಫಾದ ಎದುರು, ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ. 2016ರಲ್ಲಿ, ನಾನು ಬಂದ ಎರಡನೇ ತಿಂಗಳಲ್ಲಿ ಕಳಿಸಿದ್ದು. ‘ನನ್ನ ಅಳಿಯ, ದುಬೈಯಲ್ಲಿ ಅಕೌಂಟೆಂಟ್’ ಅಂತ ಮಾವ ಅದನ್ನು ಎಷ್ಟು ಪ್ರಯಾಣಿಕರಿಗೆ ತೋರಿಸಿದ್ದಾರೋ. ಆ ಅಂಗಿ ನನ್ನದಲ್ಲ, ರೂಮ್‌ಮೇಟ್‌ನದ್ದು. ನಾನು ಆಗ ಅಕೌಂಟೆಂಟ್ ಕೂಡ ಅಲ್ಲ.

ಮರುದಿನ ಶುಕ್ರವಾರ. 2022ರಿಂದ ಇಲ್ಲಿ ಶನಿವಾರ, ಭಾನುವಾರ ವಾರದ ರಜೆ, ಶುಕ್ರವಾರ ಅರ್ಧ ದಿನ. ಮಧ್ಯಾಹ್ನ ಬೇಗ ಬಂದು ಮಾವನನ್ನು ದೇರಾದ ನೈಫ್‌ಗೆ ಕರೆದುಕೊಂಡು ಹೋದೆ.

ಕಟ್ಟಡ ಹಾಗೇ ಇತ್ತು. ಕೆಳಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ಕಡಕ್ ಚಾ ಮಾರುವ ಕೆಫೆಟೇರಿಯಾ. ಗೋಡೆ ತುಂಬ ‘ಬೆಡ್ ಸ್ಪೇಸ್ ಲಭ್ಯ’ ಅನ್ನುವ ಚೀಟಿಗಳು. ಇದೇ ಮಾವ, ಮೂರನೇ ಮಹಡಿ ಅಂದೆ. ಮೇಲೆ ಹೋಗುವ ಯೋಚನೆ ನನಗಿರಲಿಲ್ಲ. ಮೆಟ್ಟಿಲಿಳಿದು ಬಂದ ಒಬ್ಬ ಹುಡುಗ ನಮ್ಮ ತುಳು ಕೇಳಿ ನಿಂತ. ವಿಟ್ಲದ ಕಡೆಯವನು. ವಿಷಯ ಗೊತ್ತಾದದ್ದೇ ‘ಬನ್ನಿ, ಚಾ ಕುಡಿದು ಹೋಗುವ’ ಅಂತ ಎಳೆದುಕೊಂಡೇ ಹೋದ.

ಒಂದು ಕೋಣೆ. ಮೇಲೊಂದು ಕೆಳಗೊಂದು ಹಾಸಿಗೆ ಇರುವ ಕಬ್ಬಿಣದ ಮಂಚಗಳು ನಾಲ್ಕು. ಎಂಟು ಜನ. ಪ್ರತೀ ಮಂಚಕ್ಕೆ ಸೀರೆಯೋ ಬೆಡ್‌ಶೀಟೋ ಪರದೆಯಾಗಿ ಕಟ್ಟಿದ್ದು. ಮಂಚದಡಿ ಸೂಟ್‌ಕೇಸು, ಅದರ ಮೇಲೆ ಅಕ್ಕಿ ಚೀಲ. ರಾತ್ರಿಪಾಳಿಯವರು ಇಬ್ಬರು ಮಲಗಿದ್ದರು. ಹಾಗಾಗಿ ನಾವೆಲ್ಲ ಪಿಸುದನಿಯಲ್ಲೇ ಮಾತಾಡಿದ್ದು.

‘ನಿನ್ನದು ಯಾವುದು?’ ಮಾವ ಕೇಳಿದರು. ಬಾಗಿಲ ಹತ್ತಿರದ ಮೇಲಿನದ್ದು ತೋರಿಸಿದೆ. ಅವರು ಕೈ ಎತ್ತಿ ಅದರ ಹಲಗೆ ಮುಟ್ಟಿದರು. ಸೀಟಿನ ಸ್ಪ್ರಿಂಗ್ ಸರಿ ಉಂಟಾ ಅಂತ ರಿಕ್ಷಾದಲ್ಲಿ ಒತ್ತಿ ನೋಡುತ್ತಾರಲ್ಲ, ಹಾಗೆ.

ಚಾ ಕುಡಿದು ಕೆಳಗೆ ಬಂದ ಮೇಲೆ ನಾನೇ ಎಲ್ಲ ಹೇಳಿದೆ. ಏಜೆಂಟ್ ಹೇಳಿದ್ದು ಅಕೌಂಟೆಂಟ್ ಕೆಲಸ, 3,500 ದಿರ್ಹಂ. ಬಂದ ಮೇಲೆ ಸಿಕ್ಕಿದ್ದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ, 1,800. ಪಾಸ್‌ಪೋರ್ಟ್ ಕಂಪನಿಯವರ ಕಪಾಟಿನಲ್ಲಿ. ಹಾಗೆ ಇಟ್ಟುಕೊಳ್ಳುವುದು ಇಲ್ಲಿಯ ಕಾನೂನಿಗೇ ವಿರುದ್ಧ ಅಂತ ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಬೆಡ್‌ಗೆ ಬಾಡಿಗೆ, ಮೆಸ್ಸಿಗೆ ದುಡ್ಡು, ಉಳಿದದ್ದು ಊರಿಗೆ. ಆಗ ದಿರ್ಹಂಗೆ ಹದಿನೆಂಟು ರೂಪಾಯಿ.

ಊರಿಗೆ ಅಂದರೆ ಮಾವನಿಗೆ. ಏಜೆಂಟ್‌ಗೆ ಕೊಟ್ಟ 85,000 ರೂಪಾಯಿ ಅತ್ತೆಯ ಚೈನು ಅಡವಿಟ್ಟು ತಂದದ್ದು. ತಿಂಗಳ ಕೊನೆಗೆ ಮಾವನ ಫೋನ್ ಬರುತ್ತಿತ್ತು. ಗದರಿಸುವವರಲ್ಲ. ‘ಬ್ಯಾಂಕಿನವರು ಕೇಳ್ತಿದ್ದಾರೆ, ನಿನಗೆ ತೊಂದರೆ ಇಲ್ಲದಿದ್ದರೆ ಕಳಿಸು’ ಅನ್ನುವರು. ತೊಂದರೆ ಎಂತ ಮಾವ, ಕಳಿಸ್ತೇನೆ ಅನ್ನುತ್ತಿದ್ದೆ ನಾನು, ಆ ಮೇಲಿನ ಮಂಚದಲ್ಲಿ ಮಲಗಿಕೊಂಡು.

ಮಾವ ಏನೂ ಹೇಳಲಿಲ್ಲ. ‘ಊಟಕ್ಕೆ ಎಂತ ಮಾಡ್ತಿದ್ದಿರಿ?’ ಅಂತ ಮಾತ್ರ ಕೇಳಿದರು. ಸರದಿಯಲ್ಲಿ ಬೇಯಿಸುತ್ತಿದ್ದೆವು, ನನಗೆ ಮಂಗಳವಾರ ಅಂದೆ.

ನಡೆದುಕೊಂಡು ಕ್ರೀಕ್‌ಗೆ ಹೋದೆವು. ದುಬೈಯಲ್ಲಿ ಇಂದಿಗೂ ಒಂದು ದಿರ್ಹಂಗೆ ಸಿಗುವ ಸುಖ ಅಂದರೆ ಅಬ್ರಾ, ದೇರಾದಿಂದ ಬರ್ ದುಬೈಗೆ ದಾಟಿಸುವ ಮರದ ದೋಣಿ. ಬುರ್ಜ್ ಖಲೀಫಾದ ಟಿಕೆಟ್ ತೆಗೆಯುವ ಮೊದಲು ನಿಮ್ಮ ಮನೆಯ ಹಿರಿಯರನ್ನು ಇದರಲ್ಲಿ ಕೂರಿಸಿ. ದಡದಲ್ಲಿ ಸರಕು ಹೇರಿಕೊಂಡ ಮರದ ಹಡಗುಗಳು ನಿಂತಿರುತ್ತವೆ. ನಮ್ಮ ಬಂದರು ದಕ್ಕೆಯದ್ದೇ ವಾಸನೆ, ಮೀನು ಸ್ವಲ್ಪ ಕಡಿಮೆ. ಇಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು ಅಂತ ಮಾವನಿಗೆ ಹೇಳಿದೆ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು. 1966ರವರೆಗೂ ದುಬೈಯಲ್ಲಿ ಅದರದ್ದೇ ವ್ಯಾಪಾರ. ದಿರ್ಹಂ ಬಂದದ್ದು 1973ರಲ್ಲಿ.

‘ಅಂದ್ರೆ ಆಗ ನಮ್ಮವರು ದುಡ್ಡು ಬದಲಾಯಿಸುವ ಲೆಕ್ಕ ಇರಲಿಲ್ಲ’ ಅಂದರು ಮಾವ. ಸ್ವಲ್ಪ ಹೊತ್ತು ನೀರು ನೋಡಿದರು. ಆಮೇಲೆ, ‘ನೀನು ಹೇಳ್ಬೇಕಿತ್ತು ಮಾರಾಯ. ಚೈನು ಇನ್ನೊಂದು ವರ್ಷ ಬ್ಯಾಂಕಿನಲ್ಲಿದ್ದರೆ ಎಂತ ಆಗ್ತಿತ್ತು? ನಾನು ತಿಂಗಳು ತಿಂಗಳು ಫೋನ್ ಮಾಡಿದೆನಲ್ಲ.’

ನನಗೆ ಉತ್ತರ ಬರಲಿಲ್ಲ. ನಾಚಿಕೆ ಆಗುತ್ತಿತ್ತು ಮಾವ ಅನ್ನಬೇಕಿತ್ತು. ಅಷ್ಟರಲ್ಲಿ ಅಬ್ರಾ ದಡ ಮುಟ್ಟಿತು.

ಆ ರಾತ್ರಿ ಮಗನಿಗೆ ವೀಡಿಯೊ ಕಾಲ್ ಮಾಡಿದ್ದು ಮಾವನೇ. ಅವನು ಗ್ಲೋಬಲ್ ವಿಲೇಜ್ ಹೋದಿರಾ, ಡೆಸರ್ಟ್ ಸಫಾರಿ ಆಯ್ತಾ ಅಂತ ಕೇಳುತ್ತಲೇ ಇದ್ದ. ಮಾವ ಫೋನ್ ನನ್ನ ಕೈಗೆ ಕೊಟ್ಟರು. ‘ನೀನು ಹೇಳು. ಪೂರ್ತಿ ಹೇಳು.’

ಹೇಳಿದೆ. ಬರಬೇಡ ಅನ್ನಲಿಲ್ಲ, ಹಾಗನ್ನುವ ಹಕ್ಕು ನನಗಿಲ್ಲ. ಇದೇ ಊರು ನಂತರ ನನಗೆ ಒಳ್ಳೆ ಕೆಲಸ ಕೊಟ್ಟಿದೆ, ಊರಲ್ಲಿ ಅಮ್ಮನ ಮನೆಗೆ ತಾರಸಿ ಹಾಕಿಸಿದೆ, ಮಗಳನ್ನು ಶಾಲೆಗೆ ಸೇರಿಸಿದೆ. ಇಲ್ಲಿಯ ಕನ್ನಡಿಗರು 2014ರಿಂದ ನಡೆಸುತ್ತಿರುವ ಕನ್ನಡ ಪಾಠಶಾಲೆಯಲ್ಲಿ ಅವಳು ‘ಅ, ಆ’ ಕಲಿಯುತ್ತಿದ್ದಾಳೆ. ಆದರೆ ಬರುವ ಮೊದಲು ನಾನು ಕೇಳದೇ ಇದ್ದ ಪ್ರಶ್ನೆಗಳನ್ನು ಅವನು ಕೇಳಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಈ ನಾಲ್ಕು ಮಾತು ಅವರಿಗೆ ಕಳಿಸಿ.

ಏಜೆಂಟ್ ಸರ್ಕಾರದಲ್ಲಿ ನೋಂದಾಯಿತನೋ ಅಲ್ಲವೋ ಅಂತ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಒಂದೂವರೆ ಲಕ್ಷ ಅಂದರೆ ಅಲ್ಲೇ ಏನೋ ಉಂಟು. ‘ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರು, ಆಮೇಲೆ ನೋಡುವ’ ಅಂದರೆ ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಇಲ್ಲಿ ತಪ್ಪು, ಸಿಕ್ಕಿಬಿದ್ದರೆ ಅನುಭವಿಸುವವರು ನೀವು. ಆಫರ್ ಲೆಟರ್‌ನಲ್ಲಿ ಮೂಲ ಸಂಬಳ ಎಷ್ಟು ಅಂತ ಬೇರೆಯಾಗಿ ಬರೆದಿರಬೇಕು, ಕೆಲಸ ಬಿಡುವಾಗ ಸಿಗುವ ದುಡ್ಡಿನ ಲೆಕ್ಕ ಅದರ ಮೇಲೆಯೇ. ಪಾಸ್‌ಪೋರ್ಟ್ ಯಾವಾಗಲೂ ನಿಮ್ಮ ಹತ್ತಿರವೇ ಇರಬೇಕು.

ಹುಡುಗ ಸಪ್ಪಗಾದ. ‘ಹಾಗಾದ್ರೆ ಆ ಫೋಟೊ?’ ಅಂದ. ಅಂಗಿ ನನ್ನದಲ್ಲ ಅಂತ ಹೇಳಿದೆ. ಅವನು ನಗಲಿಲ್ಲ, ಮಾವ ನಕ್ಕರು.

ಉಳಿದ ದಿನಗಳಲ್ಲಿ ಮಾವ ಹೆಚ್ಚು ತಿರುಗಲು ಒಪ್ಪಲಿಲ್ಲ. ಒಂದು ದಿನ ಮರುಭೂಮಿಗೆ ಹೋದೆವು, ಮರಳಿನ ಮೇಲೆ ಒಂಟಿಯಾಗಿ ನಿಂತಿದ್ದ ಘಾಫ್ ಮರವನ್ನು ನೋಡಿ ‘ಇದಕ್ಕೆ ಯಾರು ನೀರು ಹಾಕ್ತಾರೆ?’ ಅಂತ ಕೇಳಿದರು. ಯಾರೂ ಇಲ್ಲ, ಬೇರು ತುಂಬ ಆಳಕ್ಕೆ ಹೋಗ್ತದೆ ಅಂದೆ. ಸಂಜೆ ಬರುವಾಗ ಕೆಲಸಗಾರರ ಬಸ್ಸುಗಳು ಸಾಲಾಗಿ ಸೋನಾಪುರದ ಕ್ಯಾಂಪಿನ ಕಡೆ ಹೋಗುತ್ತಿದ್ದವು. ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ ಮುಖಗಳು. ಬೇಸಿಗೆಯಲ್ಲಿ ಇವರೆಲ್ಲ ಹೇಗೆ ಅಂತ ಮಾವ ಕೇಳಿದರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಕಾನೂನು ಉಂಟು ಅಂದೆ. ‘ಮೂರು ಗಂಟೆಗೆ ಬಿಸಿಲು ಕಡಿಮೆ ಆಗ್ತದಾ?’ ಅಂದರು. ಇಲ್ಲ ಮಾವ ಅಂದೆ.

ಹೊರಡುವ ದಿನ ಏರ್‌ಪೋರ್ಟ್‌ನಲ್ಲಿ ನನ್ನ ಮಗಳ ಕೈಗೆ ಐನೂರರ ನೋಟು ತುರುಕಿದರು. ಇಲ್ಲಿ ನಡೆಯುವುದಿಲ್ಲ ಮಾವ ಅಂದರೆ, ‘ಊರಿಗೆ ಬಂದಾಗ ನಡೀತದಲ್ಲ’ ಅಂದರು.

ಅವರು ಊರು ಸೇರಿ ಹದಿನೈದು ದಿನಕ್ಕೆ ಹುಡುಗನ ಮೆಸೇಜ್ ಬಂತು. ಏಜೆಂಟ್‌ಗೆ ಫೋನ್ ಮಾಡಿ ಕೇಳಿದನಂತೆ. ನೋಂದಣಿ ಸಂಖ್ಯೆ ಯಾವುದು, ಮೂಲ ಸಂಬಳ ಎಷ್ಟು, ಪಾಸ್‌ಪೋರ್ಟ್ ಯಾರ ಹತ್ತಿರ ಇರ್ತದೆ, ರೂಮಲ್ಲಿ ಎಷ್ಟು ಜನ. ವಿಚಾರಿಸಿ ಹೇಳ್ತೇನೆ ಅಂದ ಏಜೆಂಟ್ ಮತ್ತೆ ಫೋನ್ ಮಾಡಿಲ್ಲವಂತೆ. ಹುಡುಗ ಈಗ ಮಂಗಳೂರಿನಲ್ಲೇ ಒಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದಾನೆ. ಎರಡು ವರ್ಷ ಅನುಭವ ಮಾಡಿಕೊಂಡು ಆಮೇಲೆ ನೋಡ್ತಾನಂತೆ.

ರಿಕ್ಷಾದಲ್ಲಿ ಆ ಫೋಟೊ ಇನ್ನೂ ಉಂಟಾ ಅಂತ ಕೇಳಿದೆ. ಉಂಟು ಅಂದ. ಯಾರಾದರೂ ಕೇಳಿದರೆ ಅಪ್ಪ ಈಗ ಅಂಗಿಯ ಕಥೆಯನ್ನೂ ಹೇಳ್ತಾರೆ ಅಂದ.